ಸ್ಟ್ರೆಸ್ಸೋ, ಕೈಮೀರಿದ್ದೋ, ಬರ್ನೌಟೋ? ಮೊದಲು ಗುರುತು, ಆಮೇಲೆ ಮದ್ದು

ಬೆಂಗಳೂರಿನ ಆಫೀಸುಗಳಲ್ಲಿ ‘ತುಂಬಾ ಸ್ಟ್ರೆಸ್ಸು’ ಅನ್ನುವ ಒಂದೇ ಮಾತು ಮೂರು ಬೇರೆ ಬೇರೆ ಅವಸ್ಥೆಗಳಿಗೆ ಬಳಕೆಯಾಗುತ್ತದೆ: ಒತ್ತಡ, ಕೆಲಸ ಕೈಮೀರುವುದು, ಬರ್ನೌಟ್ ಅಂದರೆ ದುಡಿದು ದುಡಿದು ಬತ್ತಿಹೋಗುವುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಬರ್ನೌಟ್ ಆದವರು ಎರಡು ದಿನ ಕೊಡಗಿಗೆ ಹೋಗಿ ಬಂದರೆ, ಸೋಮವಾರ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಆ ನೆಮ್ಮದಿ ಕರಗಿರುತ್ತದೆ.

ಒತ್ತಡಕ್ಕೆ ಕೊನೆ ಇರುತ್ತದೆ. ಸಾಫ್ಟ್‌ವೇರ್ ರಿಲೀಸ್, ಆಡಿಟ್, ಮಾರ್ಚ್ ತಿಂಗಳ ಲೆಕ್ಕ ಬಂದಾಗ ಕತ್ತು ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ತಡವಾಗುತ್ತದೆ. ಕೆಲಸ ಮುಗಿದು ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿದರೆ ದೇಹ ದಾರಿಗೆ ಬರುತ್ತದೆ. ಕೈಮೀರುವುದೆಂದರೆ ತಲೆಯಲ್ಲಿ ಹಿಡಿಯಲಾಗದಷ್ಟು ಕೆಲಸ ಒಟ್ಟಿಗೆ ಬಂದು ಬೀಳುವುದು. ಒಂದೇ ಮೇಲ್ ಅನ್ನು ಮೂರು ಸಲ ತೆರೆದು, ಓದಿ, ಉತ್ತರಿಸದೆ ಮುಚ್ಚುತ್ತೀರಿ. ಇದು ಸೋಮಾರಿತನವಲ್ಲ, ಯಾವುದನ್ನು ಮೊದಲು ಹಿಡಿಯಬೇಕೆಂದು ತೋಚದಿರುವುದು.

ಬರ್ನೌಟ್ ತಿಂಗಳುಗಟ್ಟಲೆ ಕೂಡಿಬರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿತು. ಲಕ್ಷಣಗಳು ಮೂರು: ಬತ್ತಿಹೋದಂಥ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ದೂರ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವನೆ. ನಮ್ಮ ಅನಿಸಿಕೆಯಲ್ಲಿ ಎರಡನೆಯದನ್ನೇ ಜನ ಹೆಚ್ಚಾಗಿ ಕಡೆಗಣಿಸುತ್ತಾರೆ. ಹೊಸಬರಿಗೆ ತಾಳ್ಮೆಯಿಂದ ಕೆಲಸ ಹೇಳಿಕೊಡುತ್ತಿದ್ದವರು ಈಗ ಪ್ರಶ್ನೆ ಕೇಳಿದರೇ ಸಿಡುಕುತ್ತಿದ್ದಾರೆ ಎಂದರೆ, ಅದನ್ನು ಸ್ವಭಾವ ಎಂದು ಬಿಟ್ಟುಬಿಡಬೇಡಿ.

ಯಾವುದೆಂದು ತಿಳಿಯಲು 14 ದಿನ ಒಂದು ಚಿಕ್ಕ ನೋಟ್‌ಬುಕ್ ಇಡಿ. ರಾತ್ರಿ ಮಲಗುವ ಮುನ್ನ ದಣಿವು, ಜಿಗುಪ್ಸೆ, ತೃಪ್ತಿಗೆ 0ರಿಂದ 10ರೊಳಗೆ ಒಂದೊಂದು ಅಂಕ, ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆಯಾಯಿತು ಎಂಬುದು. ವಾರಾಂತ್ಯದ ರಜೆ ಕಳೆದ ಮೇಲೆ ದಣಿವು ಇಳಿದಿದ್ದರೆ ಅದು ಬಹುಮಟ್ಟಿಗೆ ಒತ್ತಡ. ಅಂಥ ಎರಡು ವಾರಾಂತ್ಯ ಕಳೆದರೂ ದಣಿವು, ಜಿಗುಪ್ಸೆ ಎರಡೂ ಅಲ್ಲೇ ಇದ್ದರೆ ಬರ್ನೌಟ್ ಕಡೆಗೆ ನೋಡಬೇಕು. ಅದಕ್ಕೂ ಮುಂಚೆ ವೈದ್ಯರನ್ನು ಕೇಳಿ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ, ಎರಡೂ ಇಂಥದೇ ಸುಸ್ತು ತರುತ್ತವೆ.

ಒತ್ತಡವಾದರೆ ಮೊದಲು ನಿದ್ದೆ ಕಾಪಾಡಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ರ ಫಿಲ್ಟರ್ ಕಾಫಿ ರಾತ್ರಿ 11ಕ್ಕೂ ಅರ್ಧ ಒಳಗೇ ಇರುತ್ತದೆ, ಕೊನೆಯ ಲೋಟ ಮಧ್ಯಾಹ್ನ 2ಕ್ಕೇ ಮುಗಿಯಲಿ. ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ಎಂದರೆ ನಮ್ಮಲ್ಲಿ ರಾತ್ರಿ 9.30, ಅಲ್ಲಿನ ಚಳಿಗಾಲದಲ್ಲಾದರೆ 10.30. ಇಂಥ ಕಾಲ್ ಇರುವ ದಿನಗಳ ಮರುದಿನ ಬೆಳಗಿನ ಮೊದಲ ಮೀಟಿಂಗ್ ಹಿಂದಕ್ಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಆ ನಿದ್ದೆಯ ಸಾಲ ತೀರುವುದಿಲ್ಲ. ಹಗಲಿನಲ್ಲಿ ಎದೆ ಹೊಡೆದುಕೊಂಡರೆ 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ, 5 ನಿಮಿಷ. ತಲೆ ಸುತ್ತಿದರೆ ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ, ಮೆಲ್ಲಗೆ ಎಳೆಯಿರಿ.

ಕೈಮೀರಿದ್ದರೆ ಉಸಿರಾಟದಿಂದ ಪ್ರಯೋಜನ ಕಡಿಮೆ, ಕಾಗದ ಬೇಕು. 20 ನಿಮಿಷ ಫೋನ್ ಬದಿಗಿಟ್ಟು ತಲೆಯಲ್ಲಿರುವುದನ್ನೆಲ್ಲಾ ಬರೆಯಿರಿ. ಗ್ಯಾಸ್ ಬುಕ್ ಮಾಡುವುದು, ಮಗುವಿನ ಸ್ಕೂಲ್ ಫೀಸು, ಅಮ್ಮನ ಕಣ್ಣಿನ ಚೆಕಪ್ ಕೂಡ ಪಟ್ಟಿಯಲ್ಲಿರಲಿ. ಬೇರೆಯವರು ಕಾಯುತ್ತಿರುವ ಕೆಲಸಕ್ಕೆ ಗುರುತು ಹಾಕಿ, ಇವತ್ತಿಗೆ ಮೂರನ್ನು ಮಾತ್ರ ಆರಿಸಿ. ತಪ್ಪುವುದು ಇಲ್ಲೇ: ‘ರಿಪೋರ್ಟ್ ಮುಗಿಸಬೇಕು’ ಎಂದು ಬರೆದರೆ ಮನಸ್ಸು ಹಿಂಜರಿಯುತ್ತದೆ. ‘ಎರಡನೇ ಪುಟದ ಅಂಕಿಗಳನ್ನು ಅಕೌಂಟ್ಸ್‌ನಿಂದ ಕೇಳಬೇಕು’ ಎಂದು ಬರೆದರೆ ಕೈ ಓಡುತ್ತದೆ.

ಅದೇ ಕಾಗದ ಹಿಡಿದು ಮ್ಯಾನೇಜರ್ ಬಳಿ ಹೋಗಿ. ‘ತುಂಬಾ ಕೆಲಸ ಸರ್’ ಅಂದರೆ ‘ಎಲ್ಲರಿಗೂ ಇದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುವ ಉತ್ತರವೇ ಬರುತ್ತದೆ. ಹೀಗೆ ಕೇಳಿ: ‘ಸರ್, ನನ್ನ ಕೈಲಿ ಏಳು ಕೆಲಸ ಇದೆ, ಒಟ್ಟು 60 ಗಂಟೆ ಬೇಕು. ಶುಕ್ರವಾರದೊಳಗೆ ನಾಲ್ಕು ಆಗುತ್ತೆ. ಯಾವ ನಾಲ್ಕು ಅಂತ ನೀವೇ ಹೇಳಿ.’ ಅವರು ಹೇಳಿದ್ದನ್ನು ಎರಡು ಸಾಲಿನ ಮೇಲ್‌ನಲ್ಲಿ ಅವತ್ತೇ ಕಳಿಸಿ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆ ಪಾರ್ಶ್ವವಾಯು ಮತ್ತು ಹೃದ್ರೋಗದ ಅಪಾಯ ಹೆಚ್ಚಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿವೆ. ಹಾಗಾಗಿ ಇದನ್ನು ಕೇಳಲು ಸಂಕೋಚ ಬೇಡ.

ಬರ್ನೌಟ್ ಆದರೆ ರಜೆಗಿಂತ ಮುಂಚೆ ಕಾರಣ ಹುಡುಕಿ. ಇದನ್ನು ದಶಕಗಳಿಂದ ಅಧ್ಯಯನ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕಲ್ ಲೈಟರ್ ಆರು ಕಡೆ ನೋಡಲು ಹೇಳುತ್ತಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯ. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್‌ನಲ್ಲಿ ಹೊಲಿಯುವ, ಶೌಚಾಲಯಕ್ಕೆ ಏಳಲೂ ಸೂಪರ್‌ವೈಸರ್ ಮುಖ ನೋಡಬೇಕಾದ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಹೊರೆಯ ಜೊತೆಗೆ ಹಿಡಿತವೂ ಇಲ್ಲ. ಅವಳಿಗೆ ಧ್ಯಾನ ಹೇಳಿಕೊಡುವುದು ಅನ್ಯಾಯ. ನಿಮಗೆ ಯಾವ ಒಂದೆರಡು ಕಡೆ ನೋವು ಎಂದು ಗುರುತಿಸಿ, ರಜೆಯಿಂದ ಮರಳಿದಾಗ ಅಲ್ಲಿ ಏನು ಬದಲಾಗಿರಬೇಕು ಎಂಬುದನ್ನು ರಜೆಗೆ ಮುಂಚೆಯೇ ಮಾತಾಡಿ ಹೋಗಿ: ಒಂದು ಪ್ರಾಜೆಕ್ಟ್ ಕಡಿಮೆ, ರಾತ್ರಿ ಕಾಲ್ ಸರದಿಯಂತೆ, ಬೇರೆ ಟೀಮು.

ಏನೂ ಬದಲಾಗದೆ ಕೆಲಸ ಬಿಡುವುದೇ ಸರಿ ಅನ್ನಿಸಿದರೆ ತೀರಾ ಕೆಟ್ಟ ವಾರದಲ್ಲಿ ರಾಜೀನಾಮೆ ಬರೆಯಬೇಡಿ. ಬಾಡಿಗೆ, ಇಎಂಐ ಸೇರಿ ಆರು ತಿಂಗಳ ಖರ್ಚು ಕೈಯಲ್ಲಿರಲಿ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ನಿಲ್ಲುತ್ತದೆ. ಸ್ವಂತ ಪಾಲಿಸಿ ಮುಂಚೆಯೇ ಮಾಡಿಸಿ.

ಎರಡು ವಾರ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸಗಳೂ ರುಚಿಸದಿದ್ದರೆ, ನಿದ್ದೆಗೆ ಕುಡಿತ ಬೇಕಾಗುತ್ತಿದ್ದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯವರಿಗೆ ಹೇಳಿ, ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಮಾಮೂಲಿ ಭೇಟಿಗೆ ಹೋಗುವುದಾದರೆ ಆ 14 ದಿನದ ನೋಟ್‌ಬುಕ್, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ, ರಕ್ತ ಪರೀಕ್ಷೆಯ ವರದಿ ಜೊತೆಗಿರಲಿ.