ಮುಂದೆ 'ಸೂಪರ್' ಇಳಿಯುತ್ತಿದ್ದರೆ

ಎ320 ವಿಮಾನದ ಬಲಗಡೆ ಸೀಟಿಗೆ, ಅಂದರೆ ಸಹ ಪೈಲಟ್ ಆಗಿ, ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಮಾತು: ಗಾಳಿ ಇಲ್ಲದ ಸಂಜೆಯನ್ನು ನಂಬಬೇಡಿ. ಮುಂದಿನ ವಿಮಾನದ ರೆಕ್ಕೆ ತುದಿಗಳು ಹಿಂದೆ ಬಿಟ್ಟುಹೋಗುವ ಗಾಳಿಸುಳಿಯನ್ನು ಜೋರು ಗಾಳಿ ಚೆದುರಿಸುತ್ತದೆ. ಗಾಳಿ ನಿಂತಿದ್ದರೆ ಆ ಸುಳಿ ಕಣ್ಣಿಗೆ ಕಾಣದೆ ಸುಮ್ನೆ ಕಾದು ಕೂತಿರುತ್ತದೆ.

ವಿಮಾನ ಭಾರವಾದಷ್ಟೂ, ನಿಧಾನವಾದಷ್ಟೂ ರೆಕ್ಕೆ ತುದಿಯ ಸುಳಿ ಗಟ್ಟಿ. ಇಳಿಯುವಾಗ ಎಲ್ಲರೂ ನಿಧಾನವೇ ಅಲ್ವಾ? ಹುಟ್ಟಿದ ಸುಳಿ ನಿಮಿಷಕ್ಕೆ 300ರಿಂದ 500 ಅಡಿಯಂತೆ ಕೆಳಗಿಳಿಯುತ್ತದೆ.

ಹಾಗಾಗಿ ಮುಂದೆ ಯಾರಿದ್ದಾರೆ ಅಂತ ಕಿವಿಗೊಟ್ಟು ಕೇಳಿ. ಬೆಂಗಳೂರಿಗೆ 2022ರ ಅಕ್ಟೋಬರ್‌ನಲ್ಲಿ ದುಬೈನಿಂದ ಎ380 ಎಂಬ ದೈತ್ಯ ವಿಮಾನ ಬರತೊಡಗಿತು. ರೇಡಿಯೊದಲ್ಲಿ ಅದರ ಹೆಸರಿನ ಕೊನೆಗೆ 'ಸೂಪರ್' ಅಂತ ಸೇರಿಸುತ್ತಾರೆ. ಅದರ ಹಿಂದೆ ನಮ್ಮಂಥ 'ಮೀಡಿಯಂ' (ಮಧ್ಯಮ ತೂಕದ) ವಿಮಾನಕ್ಕೆ 7 ನಾಟಿಕಲ್ ಮೈಲಿ ಅಂತರ, 777ರಂಥ 'ಹೆವಿ' ಹಿಂದೆ 5. ಇದನ್ನು ರೇಡಾರ್ ಕಂಟ್ರೋಲರ್ ಕಾಯುತ್ತಾರೆ. ಆದರೆ ಮುಂದಿನ ವಿಮಾನ ಕಾಣಿಸುತ್ತಿದೆ, ಅದರ ಹಿಂದೆ ನೋಡಿಕೊಂಡೇ ಬರುತ್ತೇನೆ ಅಂತ ಒಪ್ಪಿದಿರೋ, ಆ ಲೆಕ್ಕ ನಿಮ್ಮ ತಲೆಗೆ ಬಂತು. ಆತುರಕ್ಕೆ ಒಪ್ಪಬೇಡಿ.

ನನ್ನ ಮೊದಲ ವರ್ಷ, ಒಂದು ರಾತ್ರಿ, ಮುಂದೆ 777. ಅಂತರ ಸರಿಯಾಗಿಯೇ ಇತ್ತು. ನಾನು ಗ್ಲೈಡ್‌ಸ್ಲೋಪ್‌ಗಿಂತ, ಅಂದರೆ ರನ್‌ವೇಗೆ ಇಳಿಯುವ ನಿಗದಿತ ಇಳಿಜಾರು ದಾರಿಗಿಂತ, ಸ್ವಲ್ಪ ಕೆಳಗೆ ಜಾರಿದ್ದೆ. ಸುಮಾರು 1,500 ಅಡಿಯಲ್ಲಿ ಎಡ ರೆಕ್ಕೆ ಯಾರೋ ಎಳೆದ ಹಾಗೆ ಬಿತ್ತು. ನನ್ನ ಕಾಲು ತಾನಾಗಿ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಮೇಲೆ ಹೋಯಿತು. "ಕಾಲು ತೆಗಿ!" ಅಂದರು ಕ್ಯಾಪ್ಟನ್. ಕೈಯಲ್ಲಿ ಹಿಡಿಯುವ ಸೈಡ್‌ಸ್ಟಿಕ್‌ನಲ್ಲೇ ರೆಕ್ಕೆ ಮಟ್ಟ ಮಾಡಿ ಮೇಲಕ್ಕೆತ್ತಿದರು.

ಅವರು ಯಾಕೆ ಗದರಿದರು ಅಂತ ಆಮೇಲೆ ಓದಿ ತಿಳಿಯಿತು. 2001ರ ನವೆಂಬರ್ 12ರಂದು ನ್ಯೂಯಾರ್ಕ್‌ನಿಂದ ಮೇಲೇರುತ್ತಿದ್ದ ಎ300 ಒಂದು, ಮುಂದೆ ಹೋದ 747ರ ಸುಳಿಗೆ ಸಿಕ್ಕಿತು. ಸುಳಿ ಅದನ್ನು ಕೆಡವಲಿಲ್ಲ. ಸಹ ಪೈಲಟ್ ಪೆಡಲನ್ನು ಆಚೆ ಈಚೆ ಜೋರಾಗಿ ಒತ್ತಿದ್ದಕ್ಕೆ ಬಾಲದ ನಿಲುವು ರೆಕ್ಕೆಯೇ ಕಿತ್ತುಹೋಯಿತು. ನೆಲದ ಮೇಲಿದ್ದ ಐವರೂ ಸೇರಿ 265 ಜನ ಸತ್ತರು.

ಅಂದರೆ, ಗ್ಲೈಡ್‌ಸ್ಲೋಪ್ ಮೇಲೇ ಇರಿ, ಕೂದಲೆಳೆ ಮೇಲಿದ್ದರೂ ಪರವಾಗಿಲ್ಲ, ಕೆಳಗೆ ಮಾತ್ರ ಬೇಡ. ಗಾಳಿಯ ಲೆಕ್ಕವನ್ನೂ ನೋಡಿ. 3ರಿಂದ 5 ನಾಟ್‌ನ ಅಡ್ಡಗಾಳಿ ಒಂದು ಸುಳಿಯನ್ನು ರನ್‌ವೇ ಮೇಲೇ ಹಿಡಿದಿಡಬಲ್ಲದು. ಅನುಮಾನ ಬಂದರೆ ಇನ್ನೊಂದು ಮೈಲಿ ಕೇಳಿ, ಕೊಡುತ್ತಾರೆ. ವಿಮಾನ ಹೊರಳಿದರೆ ಸ್ಟಿಕ್‌ನಲ್ಲಿ ಸರಿಪಡಿಸಿ ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ. ಮೇಲೆ ಹೋಗಿ ಉಸಿರು ಬಿಟ್ಟ ಮೇಲೆ ಟವರ್‌ಗೆ ತಿಳಿಸಲು ಮರೆಯಬೇಡಿ, ನಿಮ್ಮ ಹಿಂದೆಯೂ ಒಂದು ವಿಮಾನ ಬರುತ್ತಿರುತ್ತದೆ.