ಕಪ್ಪಾದ ಆಯಿಲ್ ಕೆಟ್ಟ ಆಯಿಲ್ ಅಲ್ಲ

ಮನೆಯ ಎರಡೂ ಕಾರುಗಳ ಆಯಿಲ್ ಚೇಂಜ್ ನಾನೇ ಮಾಡುತ್ತೇನೆ. ನನ್ನದು ಡೀಸೆಲ್ ಕಾರು, ಬೆಂಗಳೂರು–ಮಡಿಕೇರಿ ಓಡಾಟ. ಅಪ್ಪನದು ಪೆಟ್ರೋಲ್ ಕಾರು, ಮಡಿಕೇರಿ ಪೇಟೆ ಬಿಟ್ಟು ಹೊರಗೆ ಹೋಗೋದೇ ಅಪರೂಪ. ಹೆಚ್ಚು ಓಡುವುದು ನನ್ನದು. ಆದರೆ ಆಯಿಲ್ ಬೇಗ ಹಾಳಾಗುವುದು ಅಪ್ಪನ ಕಾರಿನದು.

ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿದರೆ ಸಾಕು, ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಕಪ್ಪಗೆ ಬರುತ್ತದೆ. ಗಾಬರಿ ಬೇಡ. ಅದು ಮಸಿ. ಮಸಿ ಮುದ್ದೆಯಾಗಿ ಕೂರದಂತೆ ಹಿಡಿದಿಡುವ ರಾಸಾಯನಿಕ ಆಯಿಲ್‌ನಲ್ಲೇ ಇರುತ್ತದೆ. ಕಪ್ಪಾಗಿದೆ ಅಂದರೆ ಅದು ಕೆಲಸ ಮಾಡುತ್ತಿದೆ ಅಂತ. ನಾನು ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡುತ್ತೇನೆ. ಬೂದುಬಣ್ಣ ಅಂಚಿನವರೆಗೆ ಸಮನಾಗಿ ಹರಡಿದ್ದರೆ ಆಯಿಲ್‌ಗೆ ಇನ್ನೂ ಶಕ್ತಿ ಇದೆ. ಮಸಿಯೆಲ್ಲ ನಡುವೆ ದಟ್ಟ ಚುಕ್ಕೆಯಾಗಿ ನಿಂತು, ಸುತ್ತ ಬರೀ ಜಿಡ್ಡು ಹರಡಿದ್ದರೆ ಬದಲಾಯಿಸುತ್ತೇನೆ.

ಅಪ್ಪನ ಕಾರಿನ ಕಥೆಯೇ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ! ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಚೇಂಬರ್‌ಗೆ ಇಳಿಯುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಕೂಡ ಜಾಸ್ತಿ ಬೇಕು, ಉರಿಯದೆ ಉಳಿದದ್ದು ಅದೇ ದಾರಿ ಹಿಡಿಯುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಎರಡೂ ಆವಿಯಾಗುತ್ತವೆ. ಮಾರ್ಕೆಟ್‌ಗೆ ಹೋಗಿ ಬರುವಷ್ಟರಲ್ಲಿ ಎಲ್ಲಿ ಬಿಸಿಯಾಗುತ್ತೆ? ನೀರು ಉಳಿದು ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವ, ಆಯಿಲ್‌ನಲ್ಲಿರುವ ಕ್ಷಾರದ ಅಂಶ ಸವೆಯುತ್ತಾ ಹೋಗುತ್ತದೆ. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗುತ್ತದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಕಾಫಿ ಬಣ್ಣದ ಕೆನೆ ಕಟ್ಟಿರುತ್ತದೆ, ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ.

ಆದ್ದರಿಂದ ಅಪ್ಪನ ಕಾರಿಗೆ ಕಿಲೋಮೀಟರ್ ಲೆಕ್ಕ ಹಾಕುವುದಿಲ್ಲ. 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಮಾತು ಮ್ಯಾನ್ಯುಯಲ್‌ನಲ್ಲಿದೆ ನಿಜ. ನಾನು ಆರು ತಿಂಗಳಿಗೇ ಬದಲಾಯಿಸುತ್ತೇನೆ. ಗ್ರೇಡ್ ಮಾತ್ರ ಮ್ಯಾನ್ಯುಯಲ್ ಹೇಳಿದ್ದೇ. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಕಾರಿಗಂತೂ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಊರಿಗೆ ಹೋದಾಗ ಅಪ್ಪನ ಕಾರನ್ನು ಕುಶಾಲನಗರದವರೆಗೆ ಓಡಿಸಿಕೊಂಡು ಬರುತ್ತೇನೆ. ಮುಚ್ಚಳದ ಕೆನೆ ಬಹುಪಾಲು ಕರಗಿರುತ್ತದೆ. ನಿಮ್ಮ ಕಾರಿನಲ್ಲಿ ಹಾಗೆ ಓಡಿಸಿದ ಮೇಲೂ ಕೆನೆ ಹೋಗದೆ, ಜೊತೆಗೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಮೊದಲು ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಅನ್ನು ಮೆಕ್ಯಾನಿಕ್‌ಗೆ ತೋರಿಸಿ.