ನೋಟ್ಸ್ ಬಿಟ್ಟು ಡಿಬಿಎಂಎಸ್ ಕಲಿತ ನನ್ನ ಅನುಭವ

ಎಂ.ಸಿ.ಎ.ಯ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ) ಪತ್ರಿಕೆಗೆ ನಾನು ನೋಟ್ಸ್ ಓದಲೇ ಇಲ್ಲ ಎಂದರೆ ನಮ್ಮ ತರಗತಿಯವರು ಈಗಲೂ ಪೂರ್ತಿ ನಂಬುವುದಿಲ್ಲ. ಇಟ್ಟುಕೊಂಡಿದ್ದ ನಿಯಮ ಒಂದೇ: ಸಿಲಬಸ್‌ನಲ್ಲಿರುವ ಮಾತನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ನನ್ನ ಕಣ್ಣೆದುರು ಮಾಡಿ ತೋರಿಸಬೇಕು, ಇಲ್ಲವೇ ಏಕೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತಾಗಬೇಕು. ಅಲ್ಲಿಯವರೆಗೆ ಆ ಅಧ್ಯಾಯ ಮುಗಿದಂತಲ್ಲ. "ಐದು ವರ್ಷದ ಪ್ರಶ್ನೆಪತ್ರಿಕೆ ಬಿಡಿಸಿದರೆ ಸಾಕಪ್ಪ, ಈ ಆಟವೆಲ್ಲ ಯಾರಿಗೆ ಬೇಕು?" ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಅಂಕ ಎಂಬತ್ತು ದಾಟಿತು. ಪರೀಕ್ಷೆಯ ಹಿಂದಿನ ವಾರ ಅದೇ ಸೀನಿಯರ್‌ನ ತಮ್ಮ ನನ್ನ ಕೋಣೆಯಲ್ಲಿ ಕುಳಿತು ಐಸೊಲೇಶನ್ ಲೆವೆಲ್ (ಏಕಕಾಲಕ್ಕೆ ನಡೆಯುವ ಕೆಲಸಗಳಿಗೆ ಪರಸ್ಪರರ ಬದಲಾವಣೆ ಎಷ್ಟು ಕಾಣಬೇಕು ಎಂಬ ಮಟ್ಟ) ಹೇಳಿಸಿಕೊಂಡ. ಇದನ್ನು ಬರೆಯುವ ಹುಮ್ಮಸ್ಸಿಗೆ ಅದೂ ಒಂದು ಕಾರಣ.

ನಾರ್ಮಲೈಸೇಶನ್, ಅಂದರೆ ಒಂದೇ ಮಾಹಿತಿ ಹಲವೆಡೆ ಮರುಕಳಿಸದಂತೆ ಟೇಬಲ್ ಒಡೆಯುವುದರ ಬಗ್ಗೆ ಹೇಳುವುದೇನೂ ಇಲ್ಲ. ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪುಸ್ತಕವನ್ನು ಟೇಬಲ್‌ಗಳಾಗಿ ಒಡೆದೆ, ಒಂದು ವಾರಾಂತ್ಯದಲ್ಲಿ ಬಿಸಿಎನ್‌ಎಫ್ ಎಂಬ ಕಟ್ಟುನಿಟ್ಟಿನ ಹಂತದವರೆಗೆ ಮುಗಿಯಿತು. ನಿಜವಾದ ಒದ್ದಾಟ ಶುರುವಾದದ್ದು ಟ್ರಾನ್ಸಾಕ್ಷನ್‌ಗಳಿಂದ, ಅಂದರೆ ಪೂರ್ತಿ ನಡೆಯಬೇಕಾದ ಇಲ್ಲವೇ ನಡೆಯಲೇಬಾರದ ಕೆಲಸಗಳ ಕಟ್ಟುಗಳಿಂದ.

ಎರಡು ಟರ್ಮಿನಲ್ ತೆರೆದು ಡರ್ಟಿ ರೀಡ್ (ಇನ್ನೂ ಖಾಯಂ ಆಗದ ಬದಲಾವಣೆ ಇನ್ನೊಬ್ಬರಿಗೆ ಕಾಣುವುದು) ನೋಡಲು ಕುಳಿತೆ. ಒಂದರಲ್ಲಿ ಅಪ್‌ಡೇಟ್ ಮಾಡಿ ಕಮಿಟ್ ಮಾಡದೆ (ಖಾಯಂಗೊಳಿಸದೆ) ಬಿಡುವುದು, ಇನ್ನೊಂದರಲ್ಲಿ ರೀಡ್ ಅನ್‌ಕಮಿಟೆಡ್ ಎಂಬ ಅತಿ ಸಡಿಲ ಲೆವೆಲ್ ಹೇಳಿ ಓದುವುದು. ಹಲವು ಸಂಜೆ ಹೋದರೂ ಹಳೆಯ ಬೆಲೆಯೇ ಬರುತ್ತಿತ್ತು. ಪೋಸ್ಟ್‌ಗ್ರೆಸ್ ಆ ಲೆವೆಲ್ಲಿನ ಹೆಸರನ್ನು ಒಪ್ಪಿಕೊಳ್ಳುತ್ತದೆ, ಆದರೆ ನಡೆದುಕೊಳ್ಳುವುದು ಕಮಿಟ್ ಆದದ್ದನ್ನಷ್ಟೇ ತೋರಿಸುವ ರೀಡ್ ಕಮಿಟೆಡ್‌ನಂತೆಯೇ. ಕೊನೆಗೆ ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಹಾಕಿಕೊಂಡು ಅದರ ಸಂಗ್ರಹ ಎಂಜಿನ್ ಇನ್ನೋಡಿಬಿಯಲ್ಲಿ ನೋಡಿದೆ, ಅಲ್ಲಿ ಮೊದಲ ಯತ್ನಕ್ಕೇ ಸಿಕ್ಕಿತು. ಒಮ್ಮೆ ಓದಿದ್ದನ್ನು ಮತ್ತೆ ಓದಿದರೂ ಅದೇ ಸಿಗುವ ರಿಪೀಟಬಲ್ ರೀಡ್ ಲೆವೆಲ್ಲಿನದೂ ಇದೇ ಕಥೆ. ಆ ಲೆವೆಲ್ಲಿನಲ್ಲಿ ಫ್ಯಾಂಟಮ್ (ಎರಡನೇ ಸಲ ಕೇಳಿದಾಗ ಹೊಸದಾಗಿ ಕಾಣುವ ಸಾಲು) ಬರಬಹುದು ಎಂದು ನಾವೆಲ್ಲ ಬಾಯಿಪಾಠ ಮಾಡಿದ ಕೋಷ್ಟಕ ಹೇಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಬರುವುದಿಲ್ಲ, ಏಕೆಂದರೆ ಅಲ್ಲಿರುವುದು ಸ್ನ್ಯಾಪ್‌ಶಾಟ್, ಟ್ರಾನ್ಸಾಕ್ಷನ್ ಶುರುವಾದಾಗಿನ ಡೇಟಾದ ಚಿತ್ರ. ಈ ಕೋಷ್ಟಕದ ಹುಳುಕನ್ನು ಡೇಟಾಬೇಸ್ ಸಂಶೋಧಕ ಜಿಮ್ ಗ್ರೇ ಮತ್ತಿತರರು 1995ರಲ್ಲೇ ಎತ್ತಿ ತೋರಿಸಿದ್ದರು. ನಮ್ಮ ಪ್ರಶ್ನೆಪತ್ರಿಕೆಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಸ್ನ್ಯಾಪ್‌ಶಾಟ್ ಮೋಸ ಹೋಗುವುದನ್ನು ನೋಡಬೇಕಾದರೆ ರೈಟ್ ಸ್ಕ್ಯೂ ಮಾಡಿ ನೋಡಿ. ನಾನು ಮಾಡಿದ್ದು ಇಬ್ಬರು ವಾರ್ಡನ್‌ಗಳ ಟೇಬಲ್. ಒಬ್ಬರಾದರೂ ಹಾಸ್ಟೆಲ್‌ನಲ್ಲಿ ಇರಲೇಬೇಕು ಎಂಬುದು ನಿಯಮ. ಎರಡೂ ಟ್ರಾನ್ಸಾಕ್ಷನ್‌ಗಳು ಎಣಿಸಿ ನೋಡುತ್ತವೆ, ಇಬ್ಬರಿದ್ದಾರೆ ಎಂದುಕೊಂಡು ತಮ್ಮ ತಮ್ಮ ವಾರ್ಡನ್‌ಗೆ ರಜೆ ಕೊಡುತ್ತವೆ. ರಿಪೀಟಬಲ್ ರೀಡ್‌ನಲ್ಲಿ ಎರಡೂ ಕಮಿಟ್ ಆಗಿ ಹಾಸ್ಟೆಲ್ ಖಾಲಿ. ಸೀರಿಯಲೈಸಬಲ್ (ಒಂದಾದ ಮೇಲೊಂದು ನಡೆದಂತೆ ಫಲ ಕೊಡುವ ಲೆವೆಲ್) ಎಂದು ಬದಲಿಸಿದರೆ ಒಂದು ಟ್ರಾನ್ಸಾಕ್ಷನ್ 40001 ಎಂಬ ದೋಷಸಂಖ್ಯೆಯೊಂದಿಗೆ ಬೀಳುತ್ತದೆ. ಈ ಸೌಲಭ್ಯ ಬಂದದ್ದು 2011ರ 9.1 ಆವೃತ್ತಿಯಿಂದ, ಅದಕ್ಕೂ ಮೊದಲು ಅಲ್ಲಿ ಸೀರಿಯಲೈಸಬಲ್ ಎಂದರೂ ಸಿಗುತ್ತಿದ್ದದ್ದು ಸ್ನ್ಯಾಪ್‌ಶಾಟ್ ಮಾತ್ರ. ಎರಡು ಟರ್ಮಿನಲ್‌ಗಳನ್ನು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಲು ನನ್ನದೊಂದು ಚಿಕ್ಕ ಸ್ಕ್ರಿಪ್ಟ್ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ. ಅಡ್ವೈಸರಿ ಲಾಕ್ (ಪ್ರೋಗ್ರಾಂ ತಾನೇ ಹಾಕಿ ತೆಗೆಯುವ ಬೀಗ) ಎಂಬ ಸುಳಿವು ಸಾಕು, ಉಳಿದದ್ದು ನಿಮ್ಮ ಪಾಲಿನ ಕೆಲಸ.

ಈ ನಡುವೆ ದುಡ್ಡು ದಂಡವಾದದ್ದು ಕ್ಲೌಡ್‌ನಲ್ಲಿ. ಕಂಪನಿಯೊಂದರ ಸಿದ್ಧ ಡೇಟಾಬೇಸ್ ಸೇವೆಯನ್ನು ಒಂದು ತಿಂಗಳು ಬಾಡಿಗೆಗೆ ತೆಗೆದುಕೊಂಡೆ, ಸಾವಿರದ ಎಂಟುನೂರೋ ಏನೋ ಆಯಿತು. ಕ್ವೆರಿ ಬರೆಯಲು ಚೆನ್ನಾಗಿತ್ತು. ಆದರೆ ರಿಕವರಿ (ಕುಸಿದ ಡೇಟಾಬೇಸ್ ಸುಧಾರಿಸಿಕೊಳ್ಳುವ ಬಗೆ) ಕಲಿಯುವವನಿಗೆ ಸರ್ವರನ್ನು ಕೊಲ್ಲುವ ಅಧಿಕಾರ ಬೇಕು, ಅದನ್ನು ಅವರು ಕೊಡುವುದಿಲ್ಲ. ಮತ್ತೆ ಲ್ಯಾಪ್‌ಟಾಪ್‌ಗೇ ಬಂದೆ.

ಒಂದು ಬ್ಯಾಕೆಂಡ್ ಪ್ರಕ್ರಿಯೆಯನ್ನು (ಒಂದು ಸಂಪರ್ಕವನ್ನು ನೋಡಿಕೊಳ್ಳುವ ಪ್ರೋಗ್ರಾಂ) ಕಿಲ್ ಮೈನಸ್ ನೈನ್ ಮಾಡಿ, ಅಂದರೆ ಬಲವಂತವಾಗಿ ಕೊಂದು ನೋಡಿ. ಸತ್ತದ್ದು ಒಂದೇ ಆದರೂ ಸರ್ವರ್ ಎಲ್ಲ ಸಂಪರ್ಕಗಳನ್ನೂ ಕಡಿದು ರಿಕವರಿಗೆ ಇಳಿಯುತ್ತದೆ. ಹಂಚಿಕೊಂಡ ಮೆಮೊರಿಯನ್ನು ಅದು ಇನ್ನು ನಂಬುವುದಿಲ್ಲ. ಲಾಗ್‌ನಲ್ಲಿ ರೀಡೂ (ದಾಖಲಾದ ಬದಲಾವಣೆಗಳನ್ನು ಮತ್ತೆ ಮಾಡುವುದು) ಎಲ್ಲಿಂದ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬರುತ್ತದೆ. ಅರ್ಧಕ್ಕೆ ನಿಂತದ್ದನ್ನು ಅಳಿಸುವ ಅನ್‌ಡೂ ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ. ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಏರೀಸ್ ಎಂಬ ರಿಕವರಿ ವಿಧಾನದಲ್ಲಿ ಅನಾಲಿಸಿಸ್, ರೀಡೂ, ಅನ್‌ಡೂ ಎಂದು ಮೂರು ಹಂತ. ಹತ್ತು ಅಂಕದ ಉತ್ತರವೂ ಅದೇ. ಪೇಜ್‌ಇನ್‌ಸ್ಪೆಕ್ಟ್ ಎಂಬ ಪೋಸ್ಟ್‌ಗ್ರೆಸ್ ಸಾಧನ ಹಾಕಿ ಪುಟ (ಡೇಟಾ ಇಡುವ ಡಿಸ್ಕ್‌ನ ತುಂಡು) ಬಿಚ್ಚಿ ನೋಡಿದಾಗ ಗುಟ್ಟು ತಿಳಿಯಿತು. ಕಮಿಟ್ ಆಗದ ಸಾಲುಗಳು ಪುಟದಲ್ಲೇ ಬಿದ್ದಿದ್ದವು. ಅವನ್ನು ಬರೆದ ಟ್ರಾನ್ಸಾಕ್ಷನ್‌ನ ಸಂಖ್ಯೆ ಸಾಲಿನ ಎಕ್ಸ್‌ಮಿನ್ ಎಂಬ ಜಾಗದಲ್ಲಿ ಇರುತ್ತದೆ, ಆ ಸಂಖ್ಯೆ ಕಮಿಟ್ ಆಗಿಲ್ಲ ಎಂಬುದು ಬೇರೆ ಕಡೆ ದಾಖಲಾಗಿರುತ್ತದೆ. ಆದ್ದರಿಂದ ಅವು ಯಾರಿಗೂ ಕಾಣುವುದಿಲ್ಲ, ಕಸ ಗುಡಿಸುವ ಕೆಲಸ ವ್ಯಾಕ್ಯೂಮ್‌ನದು. ವೈವಾದಲ್ಲಿ ಇದನ್ನು ಹೇಳಿದಾಗ ಹೊರಗಿನಿಂದ ಬಂದ ಪರೀಕ್ಷಕರು ಮುಂದಿನ ಪ್ರಶ್ನೆ ಬಿಟ್ಟು ಇದನ್ನೇ ಕಾಲು ಗಂಟೆ ಮಾತನಾಡಿದರು.

ಇಂಡೆಕ್ಸ್‌ಗೆಂದು (ಸಾಲುಗಳನ್ನು ಬೇಗ ಹುಡುಕುವ ಸೂಚಿ) ಸಿ ಭಾಷೆಯಲ್ಲಿ ನನ್ನದೇ ಬಿ ಪ್ಲಸ್ ಟ್ರೀ (ಇಂಡೆಕ್ಸ್‌ನ ಮರದಂಥ ರಚನೆ) ಬರೆದೆ, ಏಳೆಂಟು ನೂರು ಸಾಲು. ಪುಟ 8 ಕೆಬಿ ಇಟ್ಟರೆ ಒಂದೊಂದರಲ್ಲಿ ನೂರಾರು ಕೀ ಹಿಡಿಸಿ ಮರ ಬೆಳೆಯುವುದೇ ಕಾಣದು. ಪುಟವನ್ನು 128 ಬೈಟ್‌ಗೆ ಇಳಿಸಿ, ತುಂಬಿದ ಪುಟ ಎರಡಾಗುವ ಪ್ರತಿ ಸ್ಪ್ಲಿಟ್‌ಗೂ ಮರ ಮುದ್ರಿಸಿ. ಡಿಲೀಟ್ ಮಾಡಿದಾಗ ಅರ್ಧ ಖಾಲಿಯಾದ ಪುಟಗಳನ್ನು ಕೂಡಿಸುವ ಭಾಗ ಕೊನೆಗೂ ನೆಟ್ಟಗಾಗಲಿಲ್ಲ. ಸಮಾಧಾನವೆಂದರೆ ಪೋಸ್ಟ್‌ಗ್ರೆಸ್ ಕೂಡ ಅದನ್ನು ಮಾಡುವುದಿಲ್ಲ. ಪೂರ್ತಿ ಖಾಲಿಯಾದ ಪುಟವನ್ನಷ್ಟೇ ತೆಗೆಯುತ್ತದೆ.

ಇಂಡೆಕ್ಸ್‌ನಿಂದ ನಷ್ಟವೂ ಉಂಟು ಎಂಬುದನ್ನು ನೋಡಲು ಹೊರಟಾಗ ಟೇಬಲ್ ಪೂರ್ತಿ ರ‍್ಯಾಮ್‌ನಲ್ಲಿ ಕುಳಿತು ಎಲ್ಲವೂ ಒಂದೇ ವೇಗದಲ್ಲಿ ಓಡುತ್ತಿತ್ತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಒಂದನ್ನು ಚೌಕಾಸಿ ಮಾಡಿ ತಂದೆ, ಯುಎಸ್‌ಬಿ ಡಬ್ಬಿಯೂ ಸೇರಿ ಸಾವಿರದ ಇನ್ನೂರರ ಹತ್ತಿರ. ನಿಮಿಷಕ್ಕೆ 5400 ಸುತ್ತಿನ ಡಿಸ್ಕ್. ಅರ್ಧ ಸುತ್ತಿಗೇ ಐದೂವರೆ ಮಿಲಿಸೆಕೆಂಡ್, ಹೆಡ್ ಸರಿಯುವ ಸಮಯ ಬೇರೆ. ಪ್ರತಿ ಸಲವೂ ಲಿನಕ್ಸ್‌ನ ಕ್ಯಾಶ್ ಖಾಲಿ ಮಾಡಿ ಅಳೆದರೆ, ಚದುರಿದ ಪುಟಗಳು ಸೆಕೆಂಡಿಗೆ ಅರವತ್ತೋ ಎಪ್ಪತ್ತೋ, ಸಾಲಾಗಿ ಓದಿದರೆ ಹತ್ತು ಸಾವಿರದ ಆಸುಪಾಸು. ಹಾಗಿದ್ದೂ ರ‍್ಯಾಂಡಮ್ ಪೇಜ್ ಕಾಸ್ಟ್ (ಚದುರಿದ ಪುಟದ ಓದು ಸಾಲು ಓದಿಗಿಂತ ಎಷ್ಟು ಪಟ್ಟು ದುಬಾರಿ ಎಂಬ ಪೋಸ್ಟ್‌ಗ್ರೆಸ್‌ನ ಅಂದಾಜು) ಬರೀ 4 ಏಕೆ? ಬಹುಪಾಲು ಪುಟಗಳು ಕ್ಯಾಶ್‌ನಲ್ಲೇ ಸಿಗುತ್ತವೆ ಎಂದು ಹಿಡಿದ ಲೆಕ್ಕ ಅದು.

ಪ್ಲಾನರ್ (ಕ್ವೆರಿಗೆ ದಾರಿ ಆರಿಸುವ ಭಾಗ) ಎಡವುವುದನ್ನು ನೋಡುವ ಆಸೆಗೆ ಜಿಲ್ಲೆ, ತಾಲ್ಲೂಕು ಎರಡು ಕಾಲಂ ಇಟ್ಟು ಹತ್ತು ಲಕ್ಷ ಸಾಲು ತುಂಬಿದೆ. ಉತ್ತರ ಕನ್ನಡ ಮತ್ತು ಶಿರಸಿ ಎಂದು ಕೇಳಿದರೆ ಇದ್ದದ್ದು ನಾಲ್ಕು ಸಾವಿರ ಚಿಲ್ಲರೆ, ಪ್ಲಾನರ್ ಊಹಿಸಿದ್ದು ಇನ್ನೂರರ ಸುತ್ತ. ಶಿರಸಿ ಇರುವುದೇ ಆ ಜಿಲ್ಲೆಯಲ್ಲಿ ಎಂಬುದು ಅದಕ್ಕೆ ಗೊತ್ತಿಲ್ಲ, ಎರಡು ಸಂಭವನೀಯತೆಗಳನ್ನು ಸುಮ್ಮನೆ ಗುಣಿಸಿಬಿಡುತ್ತದೆ. ಎರಡು ಕಾಲಂಗಳ ನಂಟನ್ನು ಲೆಕ್ಕಕ್ಕೆ ತರುವ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಕೊಟ್ಟು ಅನಲೈಜ್ ಮಾಡಿದ ಮೇಲೆ ಊಹೆ ದಾರಿಗೆ ಬಂತು. ಮೂರು ಟೇಬಲ್ ಜಾಯಿನ್‌ನಲ್ಲಿ ಇದೇ ತಪ್ಪು ನಿಮಿಷಗಟ್ಟಲೆ ತಿನ್ನುವಂತೆ ಮಾಡುವ ಇನ್ನೊಂದು ಡೇಟಾ ನನ್ನಲ್ಲಿದೆ. ಸಂದರ್ಶನಗಳು ಮುಗಿಯುವವರೆಗೆ ಅದು ನನ್ನದೇ.

ಕ್ಲೌಡ್‌ನ ದಂಡವನ್ನೂ ಸೇರಿಸಿದರೆ ಖರ್ಚು ಮೂರು ಸಾವಿರದ ಸುತ್ತಮುತ್ತ. ಕೋಚಿಂಗ್‌ನವರು ಇದೇ ಪತ್ರಿಕೆಗೆ ಹನ್ನೆರಡು ಸಾವಿರ ಕೇಳಿದ್ದರು. ಹಾರ್ಡ್ ಡಿಸ್ಕನ್ನು ಮೊನ್ನೆ ಜೂನಿಯರ್ ಒಬ್ಬನಿಗೆ ಆರುನೂರಕ್ಕೆ ಮಾರಿದೆ, ಹತ್ತು ಲಕ್ಷ ಸಾಲಿನ ಸಮೇತ.